ಕಲ್ಪಾಕ್ಕಂ: ಕಡಲಂಚಿನ ನಾಲ್ಕು ದಶಕ

ಕಲ್ಪಾಕ್ಕಂ ತೀರಕ್ಕೆ ಮೊದಲ ಸಲ ಬಂದವರ ಕಣ್ಣು ಹೋಗುವುದು ಜೆಟ್ಟಿಯ ಕಡೆಗೆ. ದಡದಿಂದ ನೇರವಾಗಿ ಸಮುದ್ರದೊಳಕ್ಕೆ ಸುಮಾರು ಅರ್ಧ ಕಿಲೋಮೀಟರ್ ಚಾಚಿಕೊಂಡಿದೆ. ಇಲ್ಲಿಗೆ ಯಾವ ಹಡಗು ಬರುತ್ತದೆ ಎಂದು ಕೇಳದವರಿಲ್ಲ. ಯಾವ ಹಡಗೂ ಬರುವುದಿಲ್ಲ. ಜೆಟ್ಟಿಯ ತುದಿಯಲ್ಲಿ ಇರುವುದು ಒಂದು ಬಾವಿ, ಸಮುದ್ರದ ನಡುವೆ ತೋಡಿದ ಬಾವಿ. ಅದರ ಬಾಯಿಗೆ ಇಳಿಯುವ ನೀರು 53 ಮೀಟರ್ ಆಳಕ್ಕೆ ಹೋಗಿ, ಕಡಲ ತಳದ ಕೆಳಗೆ ಕೊರೆದ 468 ಮೀಟರ್ ಉದ್ದದ ಸುರಂಗದಲ್ಲಿ ಹರಿದು, ದಡದ ಪಂಪ್‌ಹೌಸಿನಲ್ಲಿ ಮೇಲೇಳುತ್ತದೆ. ಮದ್ರಾಸ್ ಅಣುವಿದ್ಯುತ್ ಕೇಂದ್ರ ಉಸಿರಾಡುವುದು ಈ ಬಾವಿಯ ಮೂಲಕ.

1984ರ ಜನವರಿ 27ರಂದು ಕೇಂದ್ರದ ಮೊದಲ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿತು. 2024ರ ಜನವರಿಯಲ್ಲಿ ಅದಕ್ಕೆ ನಲವತ್ತು ವರ್ಷ ತುಂಬಿತು. ಈ ಸಂದರ್ಭದ ಸ್ಮರಣ ಸಂಚಿಕೆಗೆಂದು ಸಂಸ್ಥೆಯ ಚರಿತ್ರೆಯನ್ನು ಕೂಡಿಸುತ್ತ ಹೋದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಕೇಂದ್ರವನ್ನು ಕಟ್ಟಲು ಹನ್ನೆರಡು ವರ್ಷ ಹಿಡಿಯಿತು. ಅದನ್ನು ಕಾಪಾಡಿಕೊಳ್ಳುವುದನ್ನು ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಕಟ್ಟಿದ ಕಥೆ ಬಹಳ ಮಂದಿಗೆ ಗೊತ್ತು. ಕಾಪಾಡಿದ ಕಥೆಗೂ ಅಷ್ಟೇ ಜಾಗ ಸಲ್ಲಬೇಕು.

ನೆಲ ಆರಿಸಿದ ಕಾಲ: 1960ರ ದಶಕ

ಅಂದಿನ ದಕ್ಷಿಣ ಭಾರತಕ್ಕೆ ವಿದ್ಯುತ್ ಎಂದರೆ ಹೆಚ್ಚಿನ ಮಟ್ಟಿಗೆ ಮಳೆ. ಮದ್ರಾಸ್ ರಾಜ್ಯಕ್ಕೆ ಪೈಕಾರಾ, ಮೆಟ್ಟೂರು, ಕುಂದಾ ಇದ್ದವು. ಮೈಸೂರು ರಾಜ್ಯಕ್ಕೆ ಶಿವನಸಮುದ್ರ, ಜೋಗ, ಆಮೇಲೆ ಶರಾವತಿ. ಕರ್ನಾಟಕವಂತೂ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಓಡುವವರೆಗೂ ಜಲವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. ಮುಂಗಾರು ಕೈಕೊಟ್ಟ ವರ್ಷ ಲಿಂಗನಮಕ್ಕಿಯ ನೀರಿನ ಮಟ್ಟ ಪತ್ರಿಕೆಯ ಮುಖಪುಟಕ್ಕೆ ಬರುತ್ತಿತ್ತು, ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ಬೀಳುತ್ತಿತ್ತು, ಹಳ್ಳಿಯ ಪಂಪ್‌ಸೆಟ್ಟು ನಡುರಾತ್ರಿಯ ಕರೆಂಟಿಗೆ ಕಾಯುತ್ತಿತ್ತು. ನೈವೇಲಿಯ ಲಿಗ್ನೈಟ್ ಒಂದು ಆಸರೆಯಾಗಿತ್ತು, ನಿಜ. ಆದರೆ ಒಳ್ಳೆಯ ಕಲ್ಲಿದ್ದಲು ಬಿಹಾರ, ಬಂಗಾಳದ ಗಣಿಗಳಿಂದ ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಬರಬೇಕಿತ್ತು. ಮಳೆಗೂ ರೈಲಿಗೂ ಕಾಯದೆ ಹಗಲಿರುಳು ಒಂದೇ ಸಮನೆ ಓಡುವ ಕೇಂದ್ರವೊಂದು ದಕ್ಷಿಣಕ್ಕೆ ಬೇಕಾಗಿತ್ತು.

ಹೋಮಿ ಭಾಭಾ ಹಾಕಿಕೊಂಡ ಯೋಜನೆಯಲ್ಲಿ ಮೊದಲ ಕೇಂದ್ರ ತಾರಾಪುರ, ಎರಡನೆಯದು ರಾಜಸ್ಥಾನದ ರಾವತ್‌ಭಾಟಾ, ಮೂರನೆಯದು ಮದ್ರಾಸಿನ ಬಳಿ. ತಾರಾಪುರವನ್ನು ಅಮೆರಿಕದ ಕಂಪನಿ ಕಟ್ಟಿಕೊಟ್ಟಿತು. ರಾವತ್‌ಭಾಟಾಕ್ಕೆ ಕೆನಡಾದ ವಿನ್ಯಾಸ, ಕೆನಡಾದ ನೆರವು. ಮೂರನೆಯದನ್ನು ನಾವೇ ಕಟ್ಟಬೇಕೆಂಬ ನಿರ್ಧಾರವಾಯಿತು. 1966ರ ಜನವರಿಯಲ್ಲಿ ಭಾಭಾ ವಿಮಾನ ದುರಂತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಹೊಣೆ ವಿಕ್ರಂ ಸಾರಾಭಾಯಿಯವರ ಹೆಗಲಿಗೆ ಬಂತು. 1967ರಲ್ಲಿ ಯೋಜನೆಯ ಮುಖ್ಯ ಇಂಜಿನಿಯರ್ ಆಗಿ ನೇಮಕವಾದವರು ಬೆಂಗಳೂರಿನ ಎಂ. ಆರ್. ಶ್ರೀನಿವಾಸನ್. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಕೆನಡಾದಲ್ಲಿ ಸಂಶೋಧನೆ ಮುಗಿಸಿ ಬಂದು, 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿ, ದೇಶದ ಮೊದಲ ರಿಯಾಕ್ಟರ್ 'ಅಪ್ಸರಾ'ದ ಕೆಲಸದಲ್ಲಿ ಪಳಗಿದ್ದರು. ಮುಂದೆ ಅವರೇ ಅಣುಶಕ್ತಿ ಆಯೋಗದ ಅಧ್ಯಕ್ಷರೂ ಆದರು.

ಆರಿಸಿದ ಜಾಗ ಮದ್ರಾಸ್ ನಗರದಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ದೂರದ್ದು. ಉತ್ತರಕ್ಕೆ ಮಹಾಬಲಿಪುರದ ಕಲ್ಲಿನ ರಥಗಳು. ಮಗ್ಗುಲಲ್ಲೇ ಸದ್ರಾಸ್‌ನ ಹಳೆಯ ಡಚ್ ಕೋಟೆ. ಪಶ್ಚಿಮಕ್ಕೆ ಬಕಿಂಗ್‌ಹ್ಯಾಂ ಕಾಲುವೆ. ನಡುವೆ ಮರಳು, ಗಾಳಿಮರ, ತಾಳೆ, ಮೀನುಗಾರರ ಕುಪ್ಪಗಳು. ಡಚ್ಚರ ಕಾಲದಲ್ಲಿ ಮಸ್ಲಿನ್ ಬಟ್ಟೆ ಹಡಗು ಹತ್ತುತ್ತಿದ್ದ ತೀರವದು. ಅಡಿಪಾಯಕ್ಕೆ ಬೇಕಾದ ಗಟ್ಟಿ ಬಂಡೆ, ತಣಿಸಲು ಬೇಕಾದ ಸಮುದ್ರದ ನೀರು, ವಿದ್ಯುತ್ತಿಗಾಗಿ ಹಾತೊರೆಯುತ್ತಿದ್ದ ಮಹಾನಗರ, ಮೂರೂ ಕೈಯಳತೆಯಲ್ಲಿದ್ದವು.

ಕಟ್ಟಿದ ಕಾಲ: 1971–1983

ಮೊದಲ ಘಟಕದ ಕಾಮಗಾರಿ 1971ರ ಜನವರಿಯಲ್ಲಿ ಶುರುವಾಯಿತು, ಎರಡನೆಯದು 1972ರ ಅಕ್ಟೋಬರಿನಲ್ಲಿ. 1974ರ ಮೇ ತಿಂಗಳ ಪೋಖ್ರಾನ್ ಅಣುಪರೀಕ್ಷೆಯ ನಂತರ ಕೆನಡಾ ತನ್ನ ಸಹಕಾರ ನಿಲ್ಲಿಸಿದಾಗ ರಾವತ್‌ಭಾಟಾದ ಎರಡನೇ ಘಟಕ ಅರ್ಧಕ್ಕೆ ನಿಂತಿತು. ಕಲ್ಪಾಕ್ಕಂಗೆ ಆ ಬಿಸಿ ಬೇರೆ ರೀತಿಯಲ್ಲಿ ತಟ್ಟಿತು. ಇಲ್ಲಿ ಹೊರಗಿನ ಗುತ್ತಿಗೆದಾರರೇ ಇರಲಿಲ್ಲವಾದ್ದರಿಂದ ಬಿಟ್ಟುಹೋಗುವವರೂ ಇರಲಿಲ್ಲ. ಆದರೆ ಅನುಮಾನ ಬಂದಾಗ ಕೇಳಿ ತಿಳಿಯುವ ಬಾಗಿಲು ಮುಚ್ಚಿತು. ಕವಾಟವೊಂದು ಸೋರಿದರೆ ಅದನ್ನು ಮಾಡಿದ ಕಾರ್ಖಾನೆಯೂ ಬಳಸಿದ ಇಂಜಿನಿಯರೂ ಒಟ್ಟಿಗೆ ಕೂತು ಕಾರಣ ಹುಡುಕಬೇಕಾಯಿತು. ಅಣುಸ್ಥಾವರದ ಗುಣಮಟ್ಟದಲ್ಲಿ ಹಿಂದೆಂದೂ ಕೆಲಸ ಮಾಡಿರದ ದೇಶೀ ಕಾರ್ಖಾನೆಗಳು ಇಲ್ಲಿಯ ನೆಪದಲ್ಲಿ ಆ ಶಿಸ್ತಿಗೆ ಒಗ್ಗಿಕೊಂಡವು. ಕೆಲವು ಉಪಕರಣಗಳು ತಿರಸ್ಕೃತವಾಗಿ ಹಿಂದಿರುಗಿದವು, ಗಡುವುಗಳು ಮುಂದೆ ಹೋದವು. ಗಡುವು ಮುಖ್ಯವೋ ಗುಣ ಮುಖ್ಯವೋ ಎಂಬ ಚರ್ಚೆ ಅಂದಿನ ಸಭೆಗಳಲ್ಲಿ ಬಿಸಿಯೇರಿಯೇ ನಡೆಯುತ್ತಿತ್ತು. ಕೊನೆಗೆ ಗೆದ್ದದ್ದು ಗುಣ ಎಂಬುದನ್ನು ಇಂದು ಎರಡೂ ಕಡೆಯವರು ಸಂತೋಷದಿಂದ ಒಪ್ಪುತ್ತಾರೆ.

ವಿನ್ಯಾಸವೂ ರಾವತ್‌ಭಾಟಾದ ನಕಲಾಗಿ ಉಳಿಯಲಿಲ್ಲ. ಅಲ್ಲಿ ಅಪಘಾತದ ಹಬೆಯನ್ನು ತಣಿಸಲು ಕಟ್ಟಡದ ನೆತ್ತಿಯ ಮೇಲೆ ನೀರಿನ ತೊಟ್ಟಿಯಿತ್ತು. ಇಲ್ಲಿ ಆ ನೀರು ತಳಮಹಡಿಯ ಕೊಳಕ್ಕೆ ಇಳಿಯಿತು. ಹಬೆ ತಾನಾಗಿಯೇ ಕೊಳದಲ್ಲಿ ಮುಳುಗಿ ತಣ್ಣಗಾಗಬೇಕು. ರಿಯಾಕ್ಟರಿನ ಒಳಗೋಡೆ ಪೂರ್ವಪ್ರಬಲಿತ ಕಾಂಕ್ರೀಟಿನದು, ಅದರ ಸುತ್ತ ಕಾಡುಗಲ್ಲಿನ ಹೊರಗೋಡೆ. ಅತ್ಯಾಧುನಿಕ ಯಂತ್ರವೊಂದನ್ನು ಹಳ್ಳಿಯ ಮೇಸ್ತ್ರಿಗೂ ಗುರುತು ಸಿಗುವ ಕಲ್ಲುಕಟ್ಟಡ ಸುತ್ತುವರಿದಿರುವುದು ಕಲ್ಪಾಕ್ಕಂನಲ್ಲಿ ಮಾತ್ರ ಕಾಣುವ ನೋಟ. ಎರಡು ಗೋಡೆಗಳ ಈ ಆಲೋಚನೆ ಮುಂದೆ ನರೋರಾ, ಕಾಕ್ರಾಪಾರ್, ನಮ್ಮ ಕೈಗಾಗಳಲ್ಲಿ ಪೂರ್ಣ ಜೋಡಿ ಕವಚವಾಗಿ ಬೆಳೆಯಿತು.

ಎಲ್ಲಕ್ಕಿಂತ ಕಷ್ಟದ ಕೆಲಸ ಸುರಂಗದ್ದು. ದಡದಿಂದ ಕಾಲುವೆ ತೋಡಿದ್ದರೆ ಸುಲಭವಾಗುತ್ತಿತ್ತಲ್ಲ ಎಂದು ಕೇಳಬಹುದು. ಆದರೆ ಕೋರಮಂಡಲ ತೀರದ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ನೈಋತ್ಯ ಮುಂಗಾರಿನಲ್ಲಿ ಪ್ರವಾಹ ಅದನ್ನು ಉತ್ತರಕ್ಕೆ ತಳ್ಳುತ್ತದೆ, ಈಶಾನ್ಯ ಹಿಂಗಾರಿನಲ್ಲಿ ದಕ್ಷಿಣಕ್ಕೆ ಎಳೆಯುತ್ತದೆ. ಕಾಲುವೆ ತೋಡಿದರೆ ಅದರ ಬಾಯಿ ಹೂಳುವುದು ಖಂಡಿತ. ಆದ್ದರಿಂದ ಅಲೆ ಒಡೆಯುವ ಪಟ್ಟಿಯನ್ನು ದಾಟಿ, ತಿಳಿನೀರಿರುವಲ್ಲಿ ಬಾವಿ ಇಳಿಸಿ, ಕಡಲ ತಳದ ಬಂಡೆಯಲ್ಲಿ 3.8 ಮೀಟರ್ ವ್ಯಾಸದ ಸುರಂಗ ಕೊರೆದರು. ಮೇಲೆ ಸಮುದ್ರ, ಕೆಳಗೆ ಸಿಡಿಮದ್ದಿನ ಕೆಲಸ. ದೇಶದಲ್ಲಿ ಅಂಥದ್ದನ್ನು ಮಾಡಿ ಅಭ್ಯಾಸವಿದ್ದವರು ಇರಲಿಲ್ಲ, ಮಾಡುತ್ತಲೇ ಕಲಿತರು.

ಇಷ್ಟೆಲ್ಲ ಆದ ಮೇಲೂ ಕಾಯಬೇಕಾಗಿ ಬಂದದ್ದು ಭಾರಜಲಕ್ಕೆ. ಈ ಬಗೆಯ ರಿಯಾಕ್ಟರಿನಲ್ಲಿ ನ್ಯೂಟ್ರಾನಿನ ವೇಗ ತಗ್ಗಿಸುವುದೂ ಇಂಧನದ ಶಾಖವನ್ನು ಹೊತ್ತೊಯ್ಯುವುದೂ ಭಾರಜಲವೇ. ದೇಶದ ಭಾರಜಲ ಕಾರ್ಖಾನೆಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಮನೆ ಕಟ್ಟಿ ಮುಗಿಸಿ, ಒಲೆ ಹೂಡಿ, ಹಾಲುಕ್ಕಿಸಲು ಹಾಲಿಗಾಗಿ ಕಾದಂತೆ ಕೇಂದ್ರ ಕಾದು ಕುಳಿತಿತ್ತು.

ಬೆಳಕು ಹರಿದ ವರ್ಷಗಳು: 1983–1988

1983ರ ಜುಲೈ 2ರಂದು ಮೊದಲ ಘಟಕದಲ್ಲಿ ಸರಪಳಿ ಕ್ರಿಯೆ ತನ್ನಷ್ಟಕ್ಕೆ ತಾನು ನಡೆಯುವ ಹಂತ ಮುಟ್ಟಿತು. ಜುಲೈ 23ರಂದು ಕೇಂದ್ರ ದಕ್ಷಿಣದ ವಿದ್ಯುತ್ ಜಾಲಕ್ಕೆ ಸೇರಿತು, ಪ್ರಧಾನಿ ಇಂದಿರಾ ಗಾಂಧಿ ಅದನ್ನು ದೇಶಕ್ಕೆ ಸಮರ್ಪಿಸಿದರು. ಎರಡನೇ ಘಟಕ 1985ರ ಆಗಸ್ಟ್ 12ರಂದು ಅದೇ ಹಂತ ಮುಟ್ಟಿ, 1986ರ ಮಾರ್ಚ್ 21ರಂದು ವಾಣಿಜ್ಯ ಉತ್ಪಾದನೆಗೆ ಇಳಿಯಿತು. ಒಂದೊಂದರ ಆರಂಭದ ಸಾಮರ್ಥ್ಯ 235 ಮೆಗಾವ್ಯಾಟ್.

ಕಲ್ಪಾಕ್ಕಂನಲ್ಲಿ ಸುಡುವುದು ಸಾರವರ್ಧನೆ ಮಾಡದ ಸಹಜ ಯುರೇನಿಯಂ. ಹೈದರಾಬಾದಿನ ಅಣು ಇಂಧನ ಸಂಕೀರ್ಣದಿಂದ ಬರುವ ಒಂದೊಂದು ಇಂಧನ ಕಟ್ಟಿನಲ್ಲಿ 19 ಕಡ್ಡಿಗಳು. ಕಟ್ಟು ಎಷ್ಟು ದೊಡ್ಡದೆಂದರೆ, ಅರ್ಧ ಮೀಟರ್ ಉದ್ದ, ಎರಡೂ ಅಂಗೈ ಕೂಡಿಸಿದರೆ ಹಿಡಿಯಬಹುದಾದಷ್ಟು ದಪ್ಪ. ಆರಂಭದಲ್ಲಿ ರಿಯಾಕ್ಟರಿನ 306 ಅಡ್ಡ ನಾಳಗಳಲ್ಲಿ ತಲಾ 12ರಂತೆ 3,672 ಕಟ್ಟುಗಳು ಸಾಲಾಗಿ ಮಲಗಿರುತ್ತಿದ್ದವು. ಘಟಕ ಓಡುತ್ತಿರುವಾಗಲೇ ನಾಳದ ಒಂದು ತುದಿಗೆ ಒಂದು ಯಂತ್ರ, ಇನ್ನೊಂದು ತುದಿಗೆ ಇನ್ನೊಂದು ಯಂತ್ರ ಕಚ್ಚಿಕೊಳ್ಳುತ್ತವೆ. ಒಂದು ಹೊಸ ಕಟ್ಟನ್ನು ತಳ್ಳುತ್ತದೆ, ಇನ್ನೊಂದು ಬೆಂದ ಕಟ್ಟನ್ನು ಬರಮಾಡಿಕೊಳ್ಳುತ್ತದೆ. ಒಲೆ ಆರಿಸದೆ ಸೌದೆ ಬದಲಿಸುವ ಈ ಅನುಕೂಲವೇ ಭಾರಜಲ ರಿಯಾಕ್ಟರಿನ ಹೆಚ್ಚುಗಾರಿಕೆ.

ಇಲ್ಲಿಯ ವಿದ್ಯುತ್ತಿನ ದೊಡ್ಡ ಪಾಲು ತಮಿಳುನಾಡಿಗೆ. ಕರ್ನಾಟಕ, ಕೇರಳ, ಆಂಧ್ರ, ಪುದುಚೇರಿಗೂ ಪಾಲುಂಟು. ಪಾಲಿನ ಅಂಕಿಗಿಂತ ಅದು ಬರುತ್ತಿದ್ದ ರೀತಿಗೆ ಬೆಲೆ ಹೆಚ್ಚು. ಬೇಸಿಗೆಯಲ್ಲಿ ಅಣೆಕಟ್ಟಿನ ಬುಡ ಕಾಣುವ ಹೊತ್ತಿನಲ್ಲೂ ಕಲ್ಪಾಕ್ಕಂ ತನ್ನ ಪಾಡಿಗೆ ತಾನು ಓಡುತ್ತಿತ್ತು. ಅಷ್ಟು ನೀರು ಜಲಾಶಯದಲ್ಲೇ ಉಳಿಯುತ್ತಿತ್ತು.

ಆಡಳಿತದಲ್ಲೂ ಅದು ಬದಲಾವಣೆಯ ಕಾಲ. 1983ರ ನವೆಂಬರಿನಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಹುಟ್ಟಿತು. 1987ರ ಸೆಪ್ಟೆಂಬರಿನಲ್ಲಿ ಭಾರತೀಯ ಅಣುವಿದ್ಯುತ್ ನಿಗಮ ಸ್ಥಾಪನೆಯಾಗಿ ಕೇಂದ್ರ ಅದರ ತೆಕ್ಕೆಗೆ ಬಂತು. ಪಕ್ಕದ ರಿಯಾಕ್ಟರ್ ಸಂಶೋಧನಾ ಕೇಂದ್ರ 1985ರಲ್ಲಿ ಇಂದಿರಾ ಗಾಂಧಿಯವರ ಹೆಸರು ಪಡೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ ವೇಗದ ರಿಯಾಕ್ಟರ್ ಚಾಲೂ ಆದಾಗ ಆಯೋಗದ ಅಧ್ಯಕ್ಷರಾಗಿದ್ದವರು ತುಮಕೂರು ಸೀಮೆಯ ರಾಜಾ ರಾಮಣ್ಣ.

ಚಿಪ್ಪಿನ ಪಾಠ

ಘಟಕದಲ್ಲಿ ಹುಟ್ಟುವ ಶಾಖದಲ್ಲಿ ಕಾಲು ಪಾಲಿಗಿಂತ ತುಸು ಹೆಚ್ಚು ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದನ್ನು ಸಮುದ್ರ ಹೊತ್ತುಕೊಳ್ಳಬೇಕು. ಅದಕ್ಕಾಗಿ ಸೆಕೆಂಡಿಗೆ ಸುಮಾರು 35 ಘನ ಮೀಟರ್ ನೀರು ಸುರಂಗದಲ್ಲಿ ಬರುತ್ತದೆ. ನೀರಿನ ಜೊತೆ ಕಡಲೂ ಒಳಗೆ ಬರುತ್ತದೆ ಎಂಬುದು ಓಡಿಸಲು ತೊಡಗಿದ ಮೇಲೆ ಮನವರಿಕೆಯಾಯಿತು.

ಮೊದಲ ಶತ್ರು ಹಸಿರು ಚಿಪ್ಪಿನ ಪಚ್ಚಿಲೆ. ಮಂಗಳೂರು ಕಡೆಯವರಿಗೆ ಅದು ರುಚಿಯ ಪದಾರ್ಥ. ಇಲ್ಲಿಯ ಇಂಜಿನಿಯರಿಗೆ ತಲೆನೋವು. ಕಣ್ಣಿಗೆ ಕಾಣದ ಅದರ ಮರಿಗಳು ನೀರಿನೊಂದಿಗೆ ಸುರಂಗಕ್ಕೆ ಬಂದು ಗೋಡೆಗೆ ಅಂಟುತ್ತವೆ. ಕತ್ತಲು, ಹರಿಯುವ ನೀರು, ತಪ್ಪದ ಆಹಾರ: ಚಿಪ್ಪಿಗೆ ಇದಕ್ಕಿಂತ ಒಳ್ಳೆಯ ತವರಿಲ್ಲ. ನೋಡನೋಡುತ್ತ ಸುರಂಗದಲ್ಲಿ ನೂರಾರು ಟನ್ ಚಿಪ್ಪು ಬೆಳೆಯಿತು. ಕಳಚಿದ ಚಿಪ್ಪುಗಳು ಹಬೆಯನ್ನು ತಣಿಸುವ ಕಂಡೆನ್ಸರಿನ ಕೊಳವೆಗಳ ಬಾಯಿಗೆ ಸಿಕ್ಕಿಕೊಂಡವು.

ಔಷಧ ಕ್ಲೋರಿನ್ ಎಂದು ಎಲ್ಲರಿಗೂ ಗೊತ್ತಿತ್ತು. ಎಷ್ಟು, ಯಾವಾಗ ಎಂಬುದು ಗೊತ್ತಿರಲಿಲ್ಲ. ಆಗಾಗ ಜೋರಾಗಿ ಕ್ಲೋರಿನ್ ಬಿಟ್ಟರೆ ಪಚ್ಚಿಲೆ ಬಾಗಿಲು ಮುಚ್ಚಿಕೊಂಡು ಕೂರುತ್ತದೆ, ವಾಸನೆ ಹೋದ ಮೇಲೆ ಮತ್ತೆ ತೆರೆಯುತ್ತದೆ. ದಿನಗಟ್ಟಲೆ ಹಾಗೆ ಕೂರುವ ತಾಳ್ಮೆ ಅದಕ್ಕುಂಟು. ಕಡಿಮೆ ಪ್ರಮಾಣದಲ್ಲಿ ಎಡೆಬಿಡದೆ ಬಿಟ್ಟರೆ ಮಾತ್ರ ಅದು ಸೋಲುತ್ತದೆ. ಈ ಸೂಕ್ಷ್ಮ ಹಿಡಿಯಲು ಜೀವವಿಜ್ಞಾನಿಗಳು ಪಂಪ್‌ಹೌಸಿಗೆ ಬರಬೇಕಾಯಿತು. ವಿದ್ಯುತ್ ಕೇಂದ್ರದಲ್ಲಿ ಚಿಪ್ಪಿನ ವಯಸ್ಸು ಅಳೆಯುವವರಿಗೇನು ಕೆಲಸ ಎಂದು ಮೊದಮೊದಲು ನಕ್ಕವರೇ ಆಮೇಲೆ ಅವರ ವರದಿಗೆ ಕಾದು ನಿಂತರು. ಕೆಲವು ತಿಂಗಳಲ್ಲಿ ಜೆಲ್ಲಿ ಮೀನಿನ ಹಿಂಡು ಬಂದು ಪಂಪ್‌ಹೌಸಿನ ಜಾಲರಿಗಳಿಗೆ ಲೋಳೆಯಂತೆ ಮೆತ್ತಿಕೊಳ್ಳುತ್ತದೆ; ಆಗ ಉತ್ಪಾದನೆ ತಗ್ಗಿಸಬೇಕಾದದ್ದೂ ಉಂಟು. ಕಡಲ ಪಂಚಾಂಗ ನೋಡಿಕೊಂಡೇ ಶಿಫ್ಟು ನಡೆಸುವುದನ್ನು ಕೇಂದ್ರ ಹೀಗೆ ರೂಢಿಸಿಕೊಂಡಿತು.

ಹಿನ್ನಡೆಯ ವರ್ಷಗಳು: 1988–2001

1988–89ರಲ್ಲಿ ಕೇಂದ್ರಕ್ಕೆ ದೊಡ್ಡ ಪೆಟ್ಟು ಬಿತ್ತು. ರಿಯಾಕ್ಟರ್ ಪಾತ್ರೆಯೊಳಗೆ ಭಾರಜಲವನ್ನು ಹಂಚುವ ಜರ್ಕಲಾಯ್ ಲೋಹದ ಭಾಗ ಮುರಿದು, ಚೂರುಗಳು ಹರಿವಿನಲ್ಲಿ ಸಿಕ್ಕಿದವು. ಮೊದಲು ಒಂದು ಘಟಕದಲ್ಲಿ, ನಂತರ ಇನ್ನೊಂದರಲ್ಲಿ. ವಿಕಿರಣದ ಕಾರಣಕ್ಕೆ ಮನುಷ್ಯರು ಕಾಲಿಡಲಾಗದ ಜಾಗ ಅದು. ದೂರದಿಂದ ಕ್ಯಾಮೆರಾ ಇಳಿಸಿ, ಉದ್ದನೆಯ ಸಲಕರಣೆಗಳನ್ನು ಇಲ್ಲೇ ಮಾಡಿಸಿ, ಚೂರುಗಳನ್ನು ಹೆಕ್ಕಿದರು. ಘಟಕಗಳನ್ನು ಕೈಬಿಡಬೇಕೆಂಬ ಅಭಿಪ್ರಾಯವೂ ಇತ್ತು, ತಡವಾದರೂ ಉಳಿಸಿಕೊಳ್ಳಬೇಕೆಂಬ ಹಟವೂ ಇತ್ತು. ಕೊನೆಗೆ ಭಾರಜಲ ಹರಿಯುವ ದಾರಿಯನ್ನೇ ಬದಲಿಸಿ, ಸಾಮರ್ಥ್ಯವನ್ನು 170 ಮೆಗಾವ್ಯಾಟ್‌ಗೆ ಇಳಿಸಿ ಓಡಿಸಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೇಂದ್ರ ಹೀಗೆ ತಗ್ಗಿದ ದನಿಯಲ್ಲೇ ದುಡಿಯಿತು.

1999ರ ಮಾರ್ಚ್ 26ರಂದು ಎರಡನೇ ಘಟಕ ನಿಂತಿದ್ದಾಗ ನಾಳಗಳ ತಪಾಸಣೆಯ ನಡುವೆ ಭಾರಜಲ ಸೋರಿತು. ಸೋರಿಕೆ ತಡೆಯಲು ಒಳಹೋದ ಸಿಬ್ಬಂದಿಯ ಧೈರ್ಯವನ್ನು ಇಲ್ಲಿ ನೆನೆಯಬೇಕು. ಆ ಘಟನೆ ಹೊರಗೆ ಬಿಸಿಬಿಸಿ ಚರ್ಚೆಗೂ ಕಾರಣವಾಯಿತು. ನಮ್ಮ ಮಾತು ಬೇಲಿಯ ಆಚೆಗೂ ಕೇಳುವಂತಿರಬೇಕು ಎಂಬ ಪಾಠವನ್ನು ಸಂಸ್ಥೆ ಆಗ ಕಲಿಯಿತು.

ಮರುಹುಟ್ಟು, ಅಲೆ: 2002–2006

2002ರ ಆರಂಭದಲ್ಲಿ ಎರಡನೇ ಘಟಕವನ್ನು ನಿಲ್ಲಿಸಿ ಅದರ 306 ನಾಳಗಳನ್ನೂ ಕಿತ್ತು ಹೊಸದನ್ನು ಹಾಕುವ ಕೆಲಸಕ್ಕೆ ಕೈಹಾಕಲಾಯಿತು. ಹಳೆಯ ಜರ್ಕಲಾಯ್ ನಾಳಗಳ ಜಾಗಕ್ಕೆ ಹೆಚ್ಚು ಬಾಳಿಕೆಯ ಜರ್ಕೋನಿಯಂ–ನಯೋಬಿಯಂ ನಾಳಗಳು ಬಂದವು. ಅದೇ ಸಂದರ್ಭದಲ್ಲಿ ಕೆಲವು ನಾಳಗಳ ಸ್ಥಾನ ಬಿಟ್ಟುಕೊಟ್ಟು, ಅಲ್ಲಿಂದ ಭಾರಜಲವನ್ನು ಚಿಮುಕಿಸುವ ತೂತುಕೊಳವೆಗಳನ್ನು ಕೂರಿಸಿದರು. ಮುರಿದ ಭಾಗಕ್ಕೆ ಕಡೆಗೂ ಪರಿಹಾರ ಸಿಕ್ಕಿತು. 2003ರಲ್ಲಿ ಆ ಘಟಕ 220 ಮೆಗಾವ್ಯಾಟ್‌ನೊಂದಿಗೆ ಮರಳಿತು. ಬೆನ್ನಿಗೇ ಮೊದಲ ಘಟಕ ಅದೇ ಚಿಕಿತ್ಸೆಗೆ ಮಲಗಿತು.

ಅದು ಹಾಗೆ ಮಲಗಿದ್ದಾಗಲೇ 2004ರ ಡಿಸೆಂಬರ್ 26ರ ಭಾನುವಾರ ಬಂತು. ಎರಡನೇ ಘಟಕ ಓಡುತ್ತಿತ್ತು. ಬೆಳಗ್ಗೆ ಒಂಬತ್ತರ ಸುಮಾರಿಗೆ ಪಂಪ್‌ಹೌಸಿನಲ್ಲಿ ನೀರು ಏಕಾಏಕಿ ಏರಿ ಸಮುದ್ರದ ನೀರೆತ್ತುವ ಪಂಪುಗಳು ನಿಂತವು. ಕಂಟ್ರೋಲ್ ರೂಮಿನಲ್ಲಿದ್ದವರಿಗೆ ಸುನಾಮಿ ಎಂಬ ಪದ ಆಗ ಅಷ್ಟಾಗಿ ಗೊತ್ತಿರಲಿಲ್ಲ. ಪಂಪ್ ನಿಂತರೆ ಏನು ಮಾಡಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಟರ್ಬೈನ್ ನಿಲ್ಲಿಸಿದರು, ರಿಯಾಕ್ಟರ್ ಆರಿಸಿದರು, ಅದನ್ನು ತಣಿಸುತ್ತ ಹೋದರು. ಮುಖ್ಯ ಕಟ್ಟಡಗಳು ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ನುಗ್ಗಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ, ನಿಯಂತ್ರಣ ಮಂಡಳಿಯ ಒಪ್ಪಿಗೆಯೊಂದಿಗೆ, ಘಟಕ ಮತ್ತೆ ಓಡತೊಡಗಿತು.

ಊರಿಗೆ ಆ ಅದೃಷ್ಟವಿರಲಿಲ್ಲ. ತೀರಕ್ಕೆ ಹತ್ತಿರವಿದ್ದ ಟೌನ್‌ಶಿಪ್ ಮನೆಗಳಿಗೆ, ಸುತ್ತಲ ಕುಪ್ಪಗಳಿಗೆ ಅಲೆ ನುಗ್ಗಿತು. ರಿಯಾಕ್ಟರನ್ನು ಕ್ಷೇಮವಾಗಿ ಆರಿಸುತ್ತಿದ್ದ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ನೆರೆಹೊರೆಯವರೇ ಜೀವ ಕಳೆದುಕೊಳ್ಳುತ್ತಿದ್ದರು. ಯಂತ್ರ ಗೆದ್ದ ದಿನವೆಂದು ಅದನ್ನು ಬರೆಯಲು ಇಂದಿಗೂ ಕೈ ಏಳುವುದಿಲ್ಲ. 2005ರ ಆಗಸ್ಟ್ ಕೊನೆಯಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಣುಸ್ಥಾವರಗಳಿಗೆ ಪ್ರವಾಹದ ಅಪಾಯ ಕುರಿತ ಕಾರ್ಯಾಗಾರವನ್ನು ಕಲ್ಪಾಕ್ಕಂನಲ್ಲೇ ನಡೆಸಿತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಆದದ್ದನ್ನು ಕಂಡಾಗ ಕಟ್ಟಡದ ಎತ್ತರಕ್ಕೆ ಎಂಥ ಬೆಲೆಯಿದೆ ಎಂಬುದು ಎಲ್ಲರಿಗೂ ತಿಳಿಯಿತು.

ನೀರು, ನೆಲ, ನೆರೆಹೊರೆ

ಕಡಲ ಮಗ್ಗುಲಲ್ಲಿದ್ದೂ ಕುಡಿಯುವ ನೀರಿಗೆ ತತ್ವಾರ ಪಡುವ ಸೀಮೆ ಇದು. ಕೇಂದ್ರಕ್ಕೆ ಜೋಡಿಸಿದ ಉಪ್ಪುನೀರು ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ 63 ಲಕ್ಷ ಲೀಟರ್. ಅದರಲ್ಲಿ 18 ಲಕ್ಷ ಲೀಟರ್ ಪೊರೆಯ ಮೂಲಕ ಸೋಸುವ ವಿಧಾನದಿಂದ, 45 ಲಕ್ಷ ಲೀಟರ್ ಕೇಂದ್ರದ ಕಡಿಮೆ ಒತ್ತಡದ ಹಬೆಯಿಂದ ಕುದಿಸಿ ಇಳಿಸುವ ವಿಧಾನದಿಂದ. ವಿದ್ಯುತ್ತಿಗಾಗಿ ಹುಟ್ಟಿದ ಸಂಸ್ಥೆಯ ಗುರಿ ಹೀಗೆ ನೀರಿಗೂ ಚಾಚಿತು.

ಟೌನ್‌ಶಿಪ್ಪಿನಲ್ಲಿ ಶಾಲೆಗಳು, ಆಸ್ಪತ್ರೆ, ಮೈದಾನಗಳು ಎದ್ದವು. ಐದಾರು ಭಾಷೆಗಳ ಮನೆಗಳು ಒಂದೇ ಬೀದಿಯಲ್ಲಿ ನೆಲೆಯಾದವು. ಶಿಫ್ಟು ಮುಗಿಸಿ ಬರುವ ಕನ್ನಡಿಗರ ಮನೆಯ ಬಿಸಿಬೇಳೆ ಬಾತಿಗೆ ಪಕ್ಕದ ತಮಿಳರ ಮನೆಯ ಅಪ್ಪಳ ಜೊತೆಯಾಯಿತು. ನೆಲ ಬಿಟ್ಟುಕೊಟ್ಟವರಿಗೆ ಉದ್ಯೋಗ, ಮೀನುಗಾರರಿಗೆ ಕಡಲಿನ ಹಕ್ಕು ಎಂಬ ಬೇಡಿಕೆಗಳು ಮೊದಲಿನಿಂದಲೂ ಇದ್ದವು. ಎಲ್ಲವೂ ತೀರಿವೆ ಎನ್ನಲಾಗದು; ಮಾತುಕತೆ ನಿಂತಿಲ್ಲ. ಇಲ್ಲಿಯ ತರಬೇತಿ ಕೇಂದ್ರದಲ್ಲಿ ಪಳಗಿದವರು ದೇಶದ ಇತರ ಸ್ಥಾವರಗಳ ಕಂಟ್ರೋಲ್ ರೂಮುಗಳಲ್ಲಿ ಕೂತಿದ್ದಾರೆ. 2018ರ ಕೊನೆಗೆ ಕೈಗಾದ ಮೊದಲ ಘಟಕ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಬರೆದಾಗ ಕಲ್ಪಾಕ್ಕಂನಲ್ಲೂ ಸಿಹಿ ಹಂಚುವಷ್ಟು ಹೆಮ್ಮೆಯಿತ್ತು. ಒಂದೇ ವಂಶದ ರಿಯಾಕ್ಟರ್ ತಾನೆ!

ನಲವತ್ತರ ಹೊಸ್ತಿಲಲ್ಲಿ

ನಲವತ್ತು ತುಂಬಿದ ಹೊತ್ತಿಗೆ ಎರಡನೇ ಘಟಕ ದುಡಿಯುತ್ತಿತ್ತು. ಮೊದಲ ಘಟಕ 2018ರ ಜನವರಿ ಕೊನೆಯಿಂದ ದೀರ್ಘ ದುರಸ್ತಿಯಲ್ಲಿತ್ತು. ಹುಟ್ಟುಹಬ್ಬದ ಹೊತ್ತಿಗೆ ಹಿರಿಯನೇ ಹಾಸಿಗೆ ಹಿಡಿದಿದ್ದಾನಲ್ಲ ಎಂದು ಕೆಲವರಿಗೆ ಕಸಿವಿಸಿಯಿತ್ತು. ಆದರೆ ಈ ಕೇಂದ್ರದ ಚರಿತ್ರೆ ಓದಿದವರಿಗೆ ಅದು ಹೊಸದಲ್ಲ. ಕೈಬಿಡಿ ಎಂಬ ಮಾತು ಕೇಳಿದ ಘಟಕಗಳೇ ಹದಿನೈದು ವರ್ಷದ ಮೇಲೆ 220 ಮೆಗಾವ್ಯಾಟ್‌ಗೆ ಮರಳಿದವು.

ಸಂಜೆ ತೀರದಲ್ಲಿ ನಿಂತರೆ ಜೆಟ್ಟಿ ಹಾಗೆಯೇ ಚಾಚಿಕೊಂಡಿದೆ. ತುದಿಯ ಬಾವಿಗೆ ನೀರು ಇಳಿಯುತ್ತಲೇ ಇದೆ; ಅದರೊಂದಿಗೆ ಪಚ್ಚಿಲೆಯ ಮರಿಗಳೂ. ಪಂಪ್‌ಹೌಸಿನಲ್ಲಿ ರಾತ್ರಿ ಶಿಫ್ಟಿನವರು ಕ್ಲೋರಿನ್ ಪ್ರಮಾಣ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ.